ಮಿಕ್ಸ್ ನಾಬ್ ಎಲ್ಲಿರಬೇಕು? ಗಿಟಾರ್ ಪೆಡಲ್‌ನಲ್ಲಿ ವೆಟ್ ಮತ್ತು ಡ್ರೈ ಹೊಂದಿಸುವ ಬಗೆ

ಒಂದು ಡಿಲೇ ಪೆಡಲ್, ಅಂದರೆ ಮೀಟಿದ ಸ್ವರವನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಪೆಡಲ್, ಜೋಡಿಸಿಕೊಳ್ಳಿ. ಟೈಮ್ ಸುಮಾರು 400 ಮಿಲಿಸೆಕೆಂಡ್ ಇರಲಿ. ಪ್ರತಿಧ್ವನಿ ಎಷ್ಟು ಸಲ ಬರಬೇಕು ಅಂತ ಹೇಳುವ ಫೀಡ್‌ಬ್ಯಾಕ್ ನಾಬನ್ನು ಪೂರ್ತಿ ಇಳಿಸಿ. ಈಗ ಮಿಕ್ಸ್ ನಾಬನ್ನು ಬಲಗಡೆ ಕೊನೆಯವರೆಗೂ ತಿರುಗಿಸಿ, ಒಂದೇ ಒಂದು ತಂತಿ ಮೀಟಿ.

ಕೆಲವು ಪೆಡಲ್‌ಗಳಲ್ಲಿ ಆ ಕ್ಷಣಕ್ಕೆ ಏನೂ ಕೇಳಿಸುವುದಿಲ್ಲ. ಬೆರಳು ಕೆಲಸ ಮುಗಿಸಿದೆ, ಆಂಪ್ ಮಾತ್ರ ಸುಮ್ಮನಿದೆ. ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತಾದ ಮೇಲೆ ಸ್ವರ ಬರುತ್ತದೆ. ಇನ್ನು ಕೆಲವು ಪೆಡಲ್‌ಗಳಲ್ಲಿ ಮೀಟಿದ ಸ್ವರ ತಕ್ಷಣ ಕೇಳಿಸುತ್ತದೆ, ಅದರ ಹಿಂದೆ ಜೋರಾದ ಪ್ರತಿಧ್ವನಿಯೂ ಬರುತ್ತದೆ.

ಈ ಸಣ್ಣ ಪ್ರಯೋಗವನ್ನು ನಾನು ಯಾವ ಹೊಸ ಪೆಡಲ್ ಸಿಕ್ಕಿದರೂ ಮೊದಲು ಮಾಡುತ್ತೇನೆ. ಗಿಟಾರ್ ಸಿಗ್ನಲ್ ಪೆಡಲ್ ಒಳಗೆ ಹೋದ ಮೇಲೆ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿಯಲ್ಲಿ ಅದು ಹಾಗೇ ಹೊರಗೆ ಬರುತ್ತದೆ. ಅದು ಡ್ರೈ. ಇನ್ನೊಂದು ದಾರಿಯಲ್ಲಿ ಎಫೆಕ್ಟ್ ಸರ್ಕ್ಯೂಟ್ ದಾಟಿ ಬರುತ್ತದೆ. ಅದು ವೆಟ್. ಹೊರಗೆ ಹೋಗುವ ಮುಂಚೆ ಎರಡೂ ಮತ್ತೆ ಸೇರುತ್ತವೆ. ಎಷ್ಟೆಷ್ಟು ಸೇರಬೇಕು ಅನ್ನೋದನ್ನು ಹೇಳುವುದೇ ಮಿಕ್ಸ್ ನಾಬ್.

ಮಿಕ್ಸ್ ನಾಬನ್ನು ಬಹಳ ಜನ "ಎಫೆಕ್ಟ್ ಜಾಸ್ತಿ ಮಾಡುವ ನಾಬ್" ಅಂದುಕೊಳ್ಳುತ್ತಾರೆ. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ಡ್ರೈ ಅಂದರೆ ನಿಮ್ಮ ಕೈ. ಪಿಕ್ ತಂತಿಗೆ ತಾಗುವಾಗ ಬರುವ ಟಕ್ ಅನ್ನುವ ಸದ್ದು ಅಲ್ಲಿದೆ, ನಿಮ್ಮ ತಾಳ ಅಲ್ಲಿದೆ. ವೆಟ್ ಹೆಚ್ಚಾದಂತೆ ಕೇಳುವವರಿಗೂ ನಿಮ್ಮ ಕೈಗೂ ನಡುವೆ ದೂರ ಹೆಚ್ಚುತ್ತದೆ. ಕೆಲವೊಮ್ಮೆ ಆ ದೂರವೇ ಬೇಕಾಗಿರುತ್ತದೆ, ಕೆಲವೊಮ್ಮೆ ಅದೇ ತೊಂದರೆ. ಎಷ್ಟು ದೂರ ಬೇಕು ಅಂತ ನಿರ್ಧರಿಸಿ ನಾಬ್ ಮುಟ್ಟಿದರೆ ಕೆಲಸ ಸುಲಭ.

ನಿಮ್ಮ ನಾಬ್ ಯಾವ ಬಗೆಯದು?

ಪೆಡಲ್ ಮೇಲೆ ಮಿಕ್ಸ್, ಬ್ಲೆಂಡ್, ಬ್ಯಾಲೆನ್ಸ್, ಲೆವೆಲ್, ಎಫೆಕ್ಟ್ ಲೆವೆಲ್ ಅಂತ ಏನೇನೋ ಬರೆದಿರುತ್ತದೆ. ಹೆಸರು ನಂಬಬೇಡಿ. ಮೇಲಿನ ಪ್ರಯೋಗವನ್ನು ನಂಬಿ.

ಮೀಟಿದ ಸ್ವರ ಪೂರ್ತಿ ಮಾಯವಾದರೆ ಅದು ತಕ್ಕಡಿಯ ಹಾಗಿರುವ ನಾಬ್. ವೆಟ್ ಏರಿದಂತೆ ಡ್ರೈ ಇಳಿಯುತ್ತದೆ. ಎಲೆಕ್ಟ್ರೋ ಹಾರ್ಮೋನಿಕ್ಸ್‌ನ ಡಿಲಕ್ಸ್ ಮೆಮೊರಿ ಮ್ಯಾನ್‌ನಲ್ಲಿರುವ ಬ್ಲೆಂಡ್ ಹೀಗೆ ಕೆಲಸ ಮಾಡುತ್ತದೆ. ಸ್ವರ ಉಳಿದರೆ ಅದು ಕೂಡಿಸುವ ನಾಬ್. ಡ್ರೈ ಇದ್ದಲ್ಲೇ ಇರುತ್ತದೆ, ವೆಟ್ ಮಾತ್ರ ಮೇಲಿಂದ ಸೇರುತ್ತದೆ. ಬಾಸ್ ಕಂಪನಿಯ ಡಿಡಿ ಸರಣಿಯ ಚಿಕ್ಕ ಡಿಲೇಗಳ ಮೇಲೆ ಇ ಲೆವೆಲ್ ಅಂತ ಬರೆದಿರುವುದು ಈ ಬಗೆಯದು.

ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕೂಡಿಸುವ ನಾಬ್‌ನಲ್ಲಿ ನಿಮ್ಮ ಮೂಲ ದನಿಗೆ ಅಪಾಯವಿಲ್ಲ. ತಕ್ಕಡಿ ನಾಬ್‌ನಲ್ಲಿ ವೆಟ್ ಏರಿಸಿದಾಗ ನಿಮ್ಮ ದನಿ ಇಳಿಯುತ್ತದೆ. ಸರಳ ಲೆಕ್ಕದಲ್ಲಿ ಮಾಡಿದ ತಕ್ಕಡಿಯಾದರೆ ನಡುಮಧ್ಯದಲ್ಲಿ ಡ್ರೈ ಅರ್ಧಕ್ಕೆ, ಅಂದರೆ ಸುಮಾರು 6 ಡೆಸಿಬೆಲ್‌ನಷ್ಟು ಇಳಿದಿರುತ್ತದೆ. ಬ್ಯಾಂಡ್ ನಡುವೆ ಸೋಲೋ ಬಾರಿಸಲು ಡಿಲೇ ಒತ್ತಿದಾಗ ಗಿಟಾರ್ ಮುಂದೆ ಬರುವ ಬದಲು ಹಿಂದೆ ಸರಿಯುತ್ತದಲ್ಲ, ಅದಕ್ಕೆ ಎಷ್ಟೋ ಸಲ ಇದೇ ಕಾರಣ. ಕೆಲವು ಪೆಡಲ್ ತಯಾರಕರು ಇದನ್ನು ತಪ್ಪಿಸಲು ನಾಬ್ ನಡುವಿಗೆ ಬರುವವರೆಗೂ ಡ್ರೈ ಇಳಿಯದ ಹಾಗೆ ಮಾಡಿರುತ್ತಾರೆ. ಹಾಗಾಗಿ ನಾಬ್ 12 ಗಂಟೆ ದಿಕ್ಕಿನಲ್ಲಿದೆ ಅಂದ ಮಾತ್ರಕ್ಕೆ ಅರ್ಧ ವೆಟ್, ಅರ್ಧ ಡ್ರೈ ಅಂತ ಅಲ್ಲ. ಒಂದು ಪೆಡಲ್‌ನ ಸೆಟ್ಟಿಂಗನ್ನು ಇನ್ನೊಂದಕ್ಕೆ ಕಣ್ಣಳತೆಯಲ್ಲಿ ಒಯ್ಯಲು ಆಗುವುದಿಲ್ಲ.

ಹೊಂದಿಸುವ ಕ್ರಮ

ಮೊದಲು ಆಂಪ್‌ನ ಸದ್ದನ್ನು ನೀವು ನಿಜವಾಗಿ ನುಡಿಸುವ ಮಟ್ಟಕ್ಕೆ ತನ್ನಿ. ಮೆಲ್ಲಗೆ ಇಟ್ಟುಕೊಂಡು ಹೊಂದಿಸಿದ ಮಿಕ್ಸ್ ಜೋರಾದಾಗ ಬೇರೆಯೇ ಆಗಿ ಕೇಳಿಸುತ್ತದೆ. ಪೆಡಲ್ ಆಫ್ ಇಟ್ಟು ಐದು ನಿಮಿಷ ನುಡಿಸಿ. ಕಿವಿಗೆ ನಿಮ್ಮ ಡ್ರೈ ದನಿ ಚೆನ್ನಾಗಿ ಕೂರಲಿ. ಅದೇ ಅಳತೆಗೋಲು.

ಆಮೇಲೆ ಮಿಕ್ಸನ್ನು ಪೂರ್ತಿ ಏರಿಸಿ. ತಕ್ಕಡಿ ನಾಬ್ ಆಗಿದ್ದರೆ ಈಗ ವೆಟ್ ಮಾತ್ರ ಕೇಳಿಸುತ್ತದೆ. ಟೈಮ್, ಡಿಕೇ (ದನಿ ಆರಲು ಹಿಡಿಯುವ ಹೊತ್ತು), ಟೋನ್, ಡೆಪ್ತ್ (ಏರಿಳಿತದ ಆಳ) ಎಲ್ಲವನ್ನೂ ಈಗಲೇ ಸರಿ ಮಾಡಿಕೊಳ್ಳಿ. ಇದು ತುಂಬಾ ಉಪಯೋಗದ ಹೆಜ್ಜೆ, ಆದರೆ ಬಹಳ ಜನ ಬಿಟ್ಟುಬಿಡುತ್ತಾರೆ. ಕೋಣೆಯ ಗುಂಗಿನ ಹಾಗೆ ಕೇಳಿಸುವ ರಿವರ್ಬ್‌ನ ಬಾಲ ಗೊಗ್ಗರಾಗಿದೆಯಾ, ಡಿಲೇಯ ಪ್ರತಿಧ್ವನಿ ಚುಚ್ಚುವಷ್ಟು ಹೊಳಪಾಗಿದೆಯಾ ಅನ್ನೋದು ಡ್ರೈ ಜೊತೆ ಬೆರೆತಾಗ ಗೊತ್ತಾಗುವುದಿಲ್ಲ. ಅಲ್ಲಿ ಅದು "ಯಾಕೋ ಸರಿಯಿಲ್ಲ" ಅಂತಷ್ಟೇ ಅನ್ನಿಸುತ್ತದೆ. ನಾವು ಮಿಕ್ಸ್ ಇಳಿಸುತ್ತೇವೆ. ಆದರೆ ಇಳಿಸಬೇಕಾಗಿದ್ದು ಟೋನ್.

ಈಗ ಮಿಕ್ಸನ್ನು ಸೊನ್ನೆಗೆ ತನ್ನಿ. ಪೆಡಲ್ ಆನ್ ಇರಲಿ. ಆನ್-ಆಫ್ ಮಾಡಿ ನೋಡಿ. ಎರಡೂ ಒಂದೇ ಮಟ್ಟದಲ್ಲಿ ಕೇಳಿಸಬೇಕು. ಪೆಡಲ್‌ನಲ್ಲಿ ಬೇರೆ ವಾಲ್ಯೂಮ್ ನಾಬ್ ಇದ್ದರೆ ಅದರಿಂದ ಸರಿ ಮಾಡಿ. ಮಟ್ಟ ಸರಿಯಿಲ್ಲದಿದ್ದರೆ ಮುಂದಿನ ಹೋಲಿಕೆಗಳೆಲ್ಲ ಸುಳ್ಳಾಗುತ್ತವೆ. ಸ್ವಲ್ಪ ಜೋರಾಗಿರುವುದು ನಮ್ಮ ಕಿವಿಗೆ ಯಾವಾಗಲೂ "ಚೆನ್ನಾಗಿದೆ" ಅನ್ನಿಸುತ್ತದೆ.

ಇನ್ನು ನಾಬನ್ನು ನಿಧಾನವಾಗಿ ಏರಿಸಿ. ನುಡಿಸುತ್ತಲೇ ಇರಿ. ಎಫೆಕ್ಟ್ ಮೊದಲ ಬಾರಿ ಕಿವಿಗೆ ಬಿದ್ದ ಜಾಗ ನೋಡಿಟ್ಟುಕೊಳ್ಳಿ. ಅಲ್ಲಿಂದ ಇನ್ನೂ ಏರಿಸಿ. ಎಲ್ಲೋ ಒಂದು ಕಡೆ ಪಿಕ್‌ನ ಟಕ್ ಮಸುಕಾಗುತ್ತದೆ, ಬೆರಳು ತಡವಾಗಿ ಓಡುತ್ತಿದೆ ಅನ್ನಿಸುತ್ತದೆ. ಅದು ಎರಡನೇ ಜಾಗ. ನಿಮಗೆ ಬೇಕಾದ ಸೆಟ್ಟಿಂಗ್ ಸಾಮಾನ್ಯವಾಗಿ ಈ ಎರಡರ ನಡುವೆ ಇರುತ್ತದೆ. ಲಯ ಹಿಡಿದು ಕಾರ್ಡ್ ನುಡಿಸುವ ಭಾಗಕ್ಕೆ ಮೊದಲ ಜಾಗದ ಹತ್ತಿರ ಇಡಿ. ಉದ್ದುದ್ದ ಸ್ವರ ಎಳೆಯುವ ಭಾಗಕ್ಕೆ ಎರಡನೆಯದರ ಹತ್ತಿರ ಹೋಗಬಹುದು.

ಇಲ್ಲಿ ಒಂದು ಮಾತು. ಪೆಡಲ್ ಪರೀಕ್ಷೆಗೆ ಅಂತ ಎಲ್ಲರೂ ಒಂದು ಕಾರ್ಡ್ ಬಾರಿಸಿ, ಅದು ಆರುವವರೆಗೆ ಕಾಯುತ್ತಾರೆ. ಅಷ್ಟು ಖಾಲಿ ಜಾಗ ಸಿಕ್ಕರೆ ಎಷ್ಟು ವೆಟ್ ಇದ್ದರೂ ಸೊಗಸಾಗಿಯೇ ಕೇಳಿಸುತ್ತದೆ. ಹಾಡಿನಲ್ಲಿ ನೀವು ನುಡಿಸುವ ಭಾಗವನ್ನೇ, ಅದೇ ವೇಗದಲ್ಲಿ ನುಡಿಸಿ ನೋಡಿ. ವೇಗ ಹೆಚ್ಚಿದಷ್ಟೂ ಮಿಕ್ಸ್ ಕಡಿಮೆ ಬೇಕಾಗುತ್ತದೆ.

ಕೊನೆಗೆ ಎರಡು ನಿಮಿಷ ಪೆಡಲ್ ಆನ್ ಇಟ್ಟು ನುಡಿಸಿ, ಥಟ್ಟನೆ ಆಫ್ ಮಾಡಿ. ಏನೋ ಕಳೆದುಕೊಂಡ ಹಾಗೆ ಅನ್ನಿಸಿದರೆ ಮಿಕ್ಸ್ ಸರಿಯಾಗಿದೆ. "ಅಬ್ಬಾ, ಈಗ ಸ್ಪಷ್ಟವಾಯ್ತು" ಅನ್ನಿಸಿದರೆ ಜಾಸ್ತಿಯಾಗಿದೆ. ನಾಬ್ ಸ್ವಲ್ಪ ಇಳಿಸಿ, ಮತ್ತೆ ನೋಡಿ.

ಡಿಲೇ

ಡಿಲೇಯಲ್ಲಿ ಮಿಕ್ಸ್ ಮತ್ತು ಫೀಡ್‌ಬ್ಯಾಕ್ ಒಟ್ಟಿಗೇ ಕೆಲಸ ಮಾಡುತ್ತವೆ. ಮಿಕ್ಸ್ ಹೇಳುವುದು ಪ್ರತಿಧ್ವನಿ ಎಷ್ಟು ಜೋರು ಅಂತ. ಫೀಡ್‌ಬ್ಯಾಕ್ ಹೇಳುವುದು ಎಷ್ಟು ಸಲ ಅಂತ. ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸುವ ಅಭ್ಯಾಸ ಮಾಡಿಕೊಳ್ಳಿ. ಎರಡೂ ಏರಿದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ.

ಸ್ಲ್ಯಾಪ್‌ಬ್ಯಾಕ್, ಅಂದರೆ ತಕ್ಷಣ ಬಂದು ಮುಗಿಯುವ ಪ್ರತಿಧ್ವನಿ, ಬೇಕಿದ್ದರೆ ಟೈಮ್ 80ರಿಂದ 140 ಮಿಲಿಸೆಕೆಂಡ್, ಒಂದೇ ಪ್ರತಿಧ್ವನಿ. ಇಲ್ಲಿ ವೆಟ್ ಧೈರ್ಯವಾಗಿ ಏರಿಸಬಹುದು, ಡ್ರೈಗಿಂತ ಸ್ವಲ್ಪ ಕೆಳಗೆ ನಿಂತರೆ ಸಾಕು. ಹತ್ತಿರದಲ್ಲೇ ಬಂದು ಮುಗಿದು ಹೋಗುವುದರಿಂದ ಅದು ದಾರಿಗೆ ಅಡ್ಡ ಬರುವುದಿಲ್ಲ.

ತಾಳಕ್ಕೆ ಸೇರಿದ ಡಿಲೇಯ ಲೆಕ್ಕ ಬೇರೆ. 60000 ಅನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. 120 ಬಿಪಿಎಂಗೆ 500. ಅದರ ಮುಕ್ಕಾಲು, ಅಂದರೆ 375 ಇಟ್ಟರೆ ಡಾಟೆಡ್ ಏಯ್ತ್ ಡಿಲೇ. ಯು2 ಬ್ಯಾಂಡಿನ ದಿ ಎಡ್ಜ್ ಅವರ ನುಡಿಸಾಣಿಕೆಯಿಂದ ಎಲ್ಲರಿಗೂ ಗೊತ್ತಾದ ದನಿ ಅದು. ನೀವು ಒಂದೇ ಸಮನೆ ಏಯ್ತ್ ನೋಟ್ (ಅರ್ಧ ಬೀಟಿನ ಸ್ವರ) ನುಡಿಸುತ್ತೀರಿ, ಪ್ರತಿಧ್ವನಿ ಅವುಗಳ ನಡುವಿನ ಸಂದಿಗಳಲ್ಲಿ ಬಂದು ಕೂರುತ್ತದೆ. ಪ್ರತಿಧ್ವನಿ ಇಲ್ಲಿ ಅಲಂಕಾರಕ್ಕಲ್ಲ, ಅದು ಎರಡನೇ ಗಿಟಾರ್. ಆದ್ದರಿಂದ ವೆಟ್ ಹೆಚ್ಚುಕಡಿಮೆ ಡ್ರೈಯಷ್ಟೇ ಜೋರಿರಬೇಕು. ಅಂಜಿ ಕಡಿಮೆ ಇಟ್ಟರೆ ಆ ಲಯ ಹುಟ್ಟುವುದೇ ಇಲ್ಲ. ಜೋರಾಗಿ ಇಡಿ, ಫೀಡ್‌ಬ್ಯಾಕನ್ನು ಎರಡು ಮೂರು ಪ್ರತಿಧ್ವನಿಗೆ ನಿಲ್ಲಿಸಿ.

ಸೋಲೋಗೆ ಬೇಕಾದ ಉದ್ದದ ಡಿಲೇಯಲ್ಲಿ ಮಾತ್ರ ವೆಟ್ ಹಿಂದೆ ನಿಲ್ಲಲಿ. ನುಡಿಸುವಾಗ ಕೇಳಿಸದೆ, ನಿಲ್ಲಿಸಿದಾಗ ಕೇಳಿಸಿದರೆ ಅದು ಸರಿಯಾದ ಜಾಗ.

ರಿವರ್ಬ್

ಫೆಂಡರ್ 1961ರಲ್ಲಿ ಆಂಪ್‌ನಿಂದ ಹೊರಗೆ ಇಡುವ ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆ ತಂದಾಗ ಅದರ ಮೇಲೆ ಮೂರೇ ನಾಬ್ ಇದ್ದವು: ಡ್ವೆಲ್, ಮಿಕ್ಸರ್, ಟೋನ್. ಸ್ಪ್ರಿಂಗ್‌ಗೆ ಎಷ್ಟು ಜೋರಾಗಿ ಸಿಗ್ನಲ್ ಹೊಡೆಯಬೇಕು ಅನ್ನೋದಕ್ಕೆ ಡ್ವೆಲ್, ಬಂದದ್ದನ್ನು ಎಷ್ಟು ಬೆರೆಸಬೇಕು ಅನ್ನೋದಕ್ಕೆ ಮಿಕ್ಸರ್. ಈ ಎರಡು ಬೇರೆ ಬೇರೆ ಅನ್ನುವ ತಿಳಿವಳಿಕೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ರಿವರ್ಬ್ ಸಾಲದು ಅನ್ನಿಸಿದಾಗ ಎರಡು ದಾರಿಗಳಿವೆ. ಡಿಕೇ ಉದ್ದ ಮಾಡಿ ಮಿಕ್ಸ್ ಕಡಿಮೆ ಇಡಬಹುದು. ಡಿಕೇ ಚಿಕ್ಕದು ಮಾಡಿ ಮಿಕ್ಸ್ ಜಾಸ್ತಿ ಇಡಬಹುದು. ಮೊದಲನೆಯದು ದೊಡ್ಡ ಜಾಗದಲ್ಲಿ ಹತ್ತಿರ ನಿಂತ ಹಾಗೆ. ಎರಡನೆಯದು ಚಿಕ್ಕ ಕೋಣೆಯಲ್ಲಿ ದೂರ ನಿಂತ ಹಾಗೆ. ಎರಡನ್ನೂ ನುಡಿಸಿ ನೋಡಿ, ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಪ್ರೀ ಡಿಲೇ ನಾಬ್ ಇದ್ದರೆ ಅದನ್ನು 20ರಿಂದ 40 ಮಿಲಿಸೆಕೆಂಡಿಗೆ ಇಡಿ. ರಿವರ್ಬ್ ಸ್ವಲ್ಪ ತಡವಾಗಿ ಶುರುವಾಗುತ್ತದೆ, ಪಿಕ್‌ನ ಟಕ್ ಮೊದಲು ದಾಟಿ ಹೋಗುತ್ತದೆ. ಅದೇ ಮಿಕ್ಸ್‌ನಲ್ಲಿ ಗಿಟಾರ್ ಹೆಚ್ಚು ಸ್ಪಷ್ಟವಾಗುತ್ತದೆ. ಮಿಕ್ಸ್ ಇಳಿಸುವ ಮುಂಚೆ ಇದನ್ನೊಮ್ಮೆ ಮಾಡಿ.

ಕೋರಸ್, ಫೇಸರ್, ಆಕ್ಟೇವ್

ಇಲ್ಲಿ ಮಿಕ್ಸ್‌ನ ಅರ್ಥವೇ ಬದಲಾಗುತ್ತದೆ. ಡಿಲೇಯಲ್ಲಿ ವೆಟ್ ತಾನಾಗಿಯೇ ಒಂದು ದನಿ. ಕೋರಸ್‌ನಲ್ಲಿ ಹಾಗಲ್ಲ. ಸ್ವಲ್ಪ ತಡವಾಗಿ, ಸ್ವಲ್ಪ ಏರಿಳಿಯುವ ಶ್ರುತಿಯಲ್ಲಿ ಬರುವ ವೆಟ್ ಡ್ರೈ ಜೊತೆ ಸೇರಿದಾಗ ಮಾತ್ರ ಕೋರಸ್ ಹುಟ್ಟುತ್ತದೆ. ಡ್ರೈ ತೆಗೆದುಬಿಟ್ಟರೆ ಉಳಿಯುವುದು ವೈಬ್ರೇಟೊ, ಅಂದರೆ ಬರೀ ಶ್ರುತಿಯ ಏರಿಳಿತ. 1976ರಲ್ಲಿ ಬಂದ ಬಾಸ್ ಸಿಇ-1 ಪೆಡಲ್‌ನಲ್ಲಿ ಕೋರಸ್‌ನಿಂದ ವೈಬ್ರೇಟೊಗೆ ಹೋಗುವ ಸ್ವಿಚ್ ಇದೆ, ಅದು ಮುಖ್ಯವಾಗಿ ಮಾಡುವ ಕೆಲಸ ಡ್ರೈ ತೆಗೆಯುವುದು. ಅದಕ್ಕೂ ಮುಂಚೆ, 1975ರಲ್ಲಿ ಬಂದ ರೋಲೆಂಡ್ ಜೆಸಿ-120 ಆಂಪ್ ಇನ್ನೂ ಸೊಗಸು. ಅದರಲ್ಲಿ ಒಂದು ಸ್ಪೀಕರ್‌ನಿಂದ ಡ್ರೈ, ಇನ್ನೊಂದರಿಂದ ವೆಟ್. ಎರಡೂ ಬೆರೆಯುವುದು ಕೋಣೆಯ ಗಾಳಿಯಲ್ಲಿ.

ಫೇಸರ್‌ನಲ್ಲಿಯೂ ಹೀಗೇ. ಕೆಲವು ಕಂಪನಾಂಕಗಳಲ್ಲಿ ವೆಟ್ ಮತ್ತು ಡ್ರೈ ಒಂದನ್ನೊಂದು ಅಳಿಸಿಹಾಕುತ್ತವೆ. ಆ ಅಳಿದ ಜಾಗಗಳು ಮೇಲೆ ಕೆಳಗೆ ಓಡಾಡುವುದೇ ನಾವು ಕೇಳುವ ಸುಳಿ. ಎರಡೂ ಸಮ ಇದ್ದಾಗ ಅಳಿಸುವಿಕೆ ಪೂರ್ತಿ. ವೆಟ್ ಡ್ರೈಯ ಅರ್ಧದಷ್ಟೇ ಇದ್ದರೆ ಅಲ್ಲಿ ಸದ್ದು ಇಳಿಯುವುದು ಬರೀ 6 ಡೆಸಿಬೆಲ್. ಹಾಗಾಗಿ ಕೋರಸ್ ಮತ್ತು ಫೇಸರ್‌ನಲ್ಲಿ ಸಮಪಾಲೇ ಅತಿ ಗಾಢ, ಅದರಿಂದ ಯಾವ ಕಡೆ ತಿರುಗಿಸಿದರೂ ಎಫೆಕ್ಟ್ ತೆಳುವಾಗುತ್ತದೆ. ಇಂಥ ಪೆಡಲ್‌ಗಳಲ್ಲಿ ಮಿಕ್ಸ್ ನಾಬ್ ಎಷ್ಟೋ ಸಲ ಇರುವುದೇ ಇಲ್ಲ. ಎಂಎಕ್ಸ್‌ಆರ್ ಫೇಸ್ 90ರಲ್ಲಿ ಇರುವುದು ವೇಗದ ಒಂದೇ ನಾಬ್, ಪಾಲು ಒಳಗೇ ನಿಗದಿಯಾಗಿದೆ. ನಾಬ್ ಇದ್ದರೆ ಸಮಪಾಲಿನಿಂದ ಶುರು ಮಾಡಿ ಇಳಿಸುತ್ತಾ ಬನ್ನಿ. ಸೊನ್ನೆಯಿಂದ ಏರಿಸುವ ಕ್ರಮ ಇಲ್ಲಿ ಅಷ್ಟು ಹೊಂದುವುದಿಲ್ಲ.

ಮೀಟಿದ ಸ್ವರವನ್ನೇ ಬೇರೆ ಸ್ಥಾಯಿಯಲ್ಲಿ ಸೇರಿಸುವ ಆಕ್ಟೇವ್ ಪೆಡಲ್‌ಗಳು ವೆಟ್ ಮತ್ತು ಡ್ರೈಯನ್ನು ಚೆನ್ನಾಗಿ ಬಿಡಿಸಿಟ್ಟಿವೆ. ಬಾಸ್ ಒಸಿ-2ರಲ್ಲಿ ಎರಡು ಆಕ್ಟೇವ್‌ಗೂ ಡೈರೆಕ್ಟ್‌ಗೂ ಬೇರೆ ಬೇರೆ ನಾಬ್. ಡೈರೆಕ್ಟ್ ಅಂದರೆ ಡ್ರೈ. ಮೊದಲು ಅದನ್ನು ಹೊಂದಿಸಿ, ಕೆಳಗಿನ ಸ್ವರವನ್ನು ಆಮೇಲೆ ಸೇರಿಸಿ.

ಓವರ್‌ಡ್ರೈವ್ ಮತ್ತು ಕಂಪ್ರೆಸರ್

ದನಿಯನ್ನು ಒರಟು ಮಾಡುವ ಡ್ರೈವ್ ಪೆಡಲ್‌ಗೂ ಡ್ರೈ ಬೆರೆಸುತ್ತಾರಾ ಅಂತ ಕೇಳಬಹುದು. ಬೇಸ್ ಗಿಟಾರ್ ನುಡಿಸುವವರಿಗೆ ಅದು ಬೇಕೇ ಬೇಕು. ಡಿಸ್ಟಾರ್ಷನ್ ಸಾಮಾನ್ಯವಾಗಿ ಕೆಳಗಿನ ಸ್ವರದ ತೂಕ ತಿಂದುಹಾಕುತ್ತದೆ. ಅದನ್ನು ಡ್ರೈ ವಾಪಸು ಕೊಡುತ್ತದೆ. ಬಾಸ್ ಒಡಿಬಿ-3ರ ಬ್ಯಾಲೆನ್ಸ್, ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್‌ನ ಬ್ಲೆಂಡ್ ಇದಕ್ಕೇ ಇವೆ. ಇಲ್ಲಿ ಕ್ರಮ ತಿರುಗುಮುರುಗು: ಪೂರ್ತಿ ವೆಟ್ ಇಟ್ಟು ಶುರು ಮಾಡಿ, ಕೆಳಗಿನ ಇ ತಂತಿಯ ತೂಕ ಮರಳುವವರೆಗೆ ಡ್ರೈ ಸೇರಿಸಿ, ಅಲ್ಲೇ ನಿಲ್ಲಿ.

ಜೋರಿಗೂ ಮೆಲ್ಲಗಿಗೂ ಇರುವ ಅಂತರ ಕಡಿಮೆ ಮಾಡುವ ಕಂಪ್ರೆಸರ್‌ನಲ್ಲಿ ಬ್ಲೆಂಡ್ ಇದ್ದರೆ ಕಂಪ್ರೆಷನ್ ಗಟ್ಟಿಯಾಗಿ ಇಟ್ಟು, ಬ್ಲೆಂಡನ್ನು ಸುಮಾರು ಅರ್ಧಕ್ಕೆ ತನ್ನಿ. ಮೀಟಿದ ಹೊಡೆತ ಡ್ರೈಯಿಂದ ಬರುತ್ತದೆ, ಉದ್ದದ ಸ್ವರ ವೆಟ್‌ನಿಂದ.

ಮಿಕ್ಸ್ ನಾಬ್ ಇಲ್ಲದ ಪೆಡಲ್‌ಗೂ ಡ್ರೈ ಬೆರೆಸಬಹುದು. ಎರಡು ಲೂಪ್ (ಸಿಗ್ನಲ್ ಹೊರಗೆ ಹೋಗಿ ವಾಪಸು ಬರುವ ದಾರಿ) ಇರುವ ಬ್ಲೆಂಡರ್ ಬೇಕು. ಬಾಸ್ ಎಲ್‌ಎಸ್-2 ಅಂಥದ್ದು. ಒಂದು ಲೂಪ್‌ನಲ್ಲಿ ಪೆಡಲ್, ಇನ್ನೊಂದರಲ್ಲಿ ಬರೀ ಒಂದು ಪ್ಯಾಚ್ ಕೇಬಲ್. ಎರಡನ್ನೂ ಸೇರಿಸುವ ಮೋಡ್ ಆರಿಸಿ, ಒಂದೊಂದು ಲೂಪ್‌ನ ಮಟ್ಟವನ್ನೂ ನಿಮಗೆ ಬೇಕಾದಂತೆ ಇಡಿ. ವೈ ಕೇಬಲ್ ಹಾಕಿ ಎರಡು ಔಟ್‌ಪುಟ್‌ಗಳನ್ನು ಒಟ್ಟಿಗೆ ಕಟ್ಟಲು ಹೋಗಬೇಡಿ. ಒಂದು ಪೆಡಲ್‌ನ ಔಟ್‌ಪುಟ್ ಇನ್ನೊಂದಕ್ಕೆ ಹೊರೆಯಾಗಿ ಎರಡೂ ಸೊರಗುತ್ತವೆ.

ಬೆರೆಸಿದಾಗ ದನಿ ಸೊರಗಿದರೆ

ವೆಟ್ ಒಂದೇ ಚೆನ್ನಾಗಿದೆ, ಡ್ರೈ ಒಂದೇ ಚೆನ್ನಾಗಿದೆ, ಸೇರಿಸಿದರೆ ಟೊಳ್ಳು. ಹೀಗಾದಾಗ ಪೆಡಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎರಡು ಕಾರಣಗಳಿರಬಹುದು.

ಮೊದಲನೆಯದು ಪೊಲಾರಿಟಿ. ಕೆಲವು ಸರ್ಕ್ಯೂಟ್‌ಗಳು ಸಿಗ್ನಲನ್ನು ತಲೆಕೆಳಗು ಮಾಡಿ ಹೊರಗೆ ಕಳಿಸುತ್ತವೆ. ಒಬ್ಬರು ತಳ್ಳುವಾಗ ಇನ್ನೊಬ್ಬರು ಎಳೆದ ಹಾಗೆ. ಕೆಳಗಿನ ಇ ತಂತಿ ಮೀಟುತ್ತಾ ಬ್ಲೆಂಡ್ ನಾಬನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ. ನಡುವಿನಲ್ಲಿ ತೂಕ ಬಿದ್ದುಹೋಗಿ ತುದಿಗಳಲ್ಲಿ ಮರಳಿದರೆ ಇದೇ ತೊಂದರೆ. ಬ್ಲೆಂಡರ್‌ನಲ್ಲಿ ಫೇಸ್ ಸ್ವಿಚ್ ಇದ್ದರೆ ಅದನ್ನು ಒತ್ತಿ.

ಎರಡನೆಯದು ತಡ. ಡಿಜಿಟಲ್ ಪೆಡಲ್ ಸಿಗ್ನಲನ್ನು ಅಂಕಿಗಳಾಗಿ ಮಾಡಿ ಮತ್ತೆ ಸಿಗ್ನಲ್ ಮಾಡಲು ಒಂದೆರಡು ಮಿಲಿಸೆಕೆಂಡ್ ತೆಗೆದುಕೊಳ್ಳಬಹುದು. ಒಂದು ಮಿಲಿಸೆಕೆಂಡ್ ತಡವಾದ ಪ್ರತಿಯನ್ನು ಮೂಲಕ್ಕೆ ಸಮವಾಗಿ ಸೇರಿಸಿದರೆ 500, 1500, 2500 ಹರ್ಟ್ಸ್ ಹೀಗೆ ಸಾಲಾಗಿ ಗುಂಡಿಗಳು ಬೀಳುತ್ತವೆ. ಗಿಟಾರ್‌ನ ಜೀವ ಇರುವುದೇ ಆ ಜಾಗದಲ್ಲಿ. ಇದಕ್ಕೆ ಸ್ವಿಚ್ ಇಲ್ಲ. ವೆಟ್ ಅಥವಾ ಡ್ರೈ ಯಾವುದಾದರೂ ಒಂದನ್ನು ಚೆನ್ನಾಗಿ ಇಳಿಸಿ, ಗುಂಡಿಗಳ ಆಳ ಕಡಿಮೆಯಾಗುತ್ತದೆ.

ಪೆಡಲ್ ಜೋಡಿಸಲು ಆಂಪ್‌ನಲ್ಲೇ ಇರುವ ಎಫೆಕ್ಟ್ಸ್ ಲೂಪ್‌ನಲ್ಲಿಯೂ ಇದೇ ಕಾಟ ಬರುತ್ತದೆ. ಸೀರೀಸ್ ಲೂಪ್ ಆದರೆ ಪೂರ್ತಿ ಸಿಗ್ನಲ್ ಪೆಡಲ್ ಮೂಲಕವೇ ಹೋಗುತ್ತದೆ, ಮಿಕ್ಸನ್ನು ಮಾಮೂಲಿನಂತೆ ಇಡಿ. ಪ್ಯಾರಲಲ್ ಲೂಪ್ ಆದರೆ ಡ್ರೈಯನ್ನು ಆಂಪ್ ತಾನೇ ಇಟ್ಟುಕೊಂಡಿರುತ್ತದೆ. ಅಲ್ಲಿ ಪೆಡಲ್ ಪೂರ್ತಿ ವೆಟ್ ಇರಲಿ, ಪಾಲನ್ನು ಆಂಪ್‌ನ ಲೂಪ್ ನಾಬ್‌ನಿಂದ ಹೊಂದಿಸಿ. ಕೂಡಿಸುವ ಬಗೆಯ ಪೆಡಲ್‌ನಲ್ಲಿ ಪೂರ್ತಿ ವೆಟ್ ಸಿಗುವುದಿಲ್ಲ. ಅದಕ್ಕೆ ಕಿಲ್ ಡ್ರೈ ಅನ್ನುವ ಸ್ವಿಚ್ ಅಥವಾ ಸೆಟ್ಟಿಂಗ್ ಇದೆಯಾ ನೋಡಿ.

ಲೂಪ್ ಬಳಸದೆ, ದನಿ ಒರಟಾಗುವಷ್ಟು ಗೇನ್ ಇಟ್ಟ ಆಂಪ್‌ನ ಮುಂದೆಯೇ ಡಿಲೇ, ರಿವರ್ಬ್ ಇಟ್ಟಿದ್ದರೆ ಮಿಕ್ಸ್ ತುಂಬಾ ಕಡಿಮೆ ಇಡಿ. ಡಿಸ್ಟಾರ್ಷನ್ ಜೋರಿನದನ್ನು ಅದುಮುತ್ತದೆ. ಹಾಗಾಗಿ ಹಿಂದೆ ನಿಂತ ವೆಟ್ ಡ್ರೈಯ ಪಕ್ಕಕ್ಕೇ ಬಂದುಬಿಡುತ್ತದೆ.

ಮನೆ, ಬ್ಯಾಂಡ್, ರೆಕಾರ್ಡಿಂಗ್

ಮನೆಯಲ್ಲಿ ಒಬ್ಬರೇ ನುಡಿಸುವಾಗ ಸುತ್ತಲಿನ ಮೌನವನ್ನು ರಿವರ್ಬ್ ತುಂಬುತ್ತದೆ. ಹಿತವಾಗಿರುತ್ತದೆ ಅಲ್ವಾ? ನಾನು ಬಹಳ ದಿನ ಅದೇ ಸೆಟ್ಟಿಂಗ್ ಹೊತ್ತುಕೊಂಡು ಬ್ಯಾಂಡ್‌ಗೆ ಹೋಗುತ್ತಿದ್ದೆ. ಒಂದು ಸಲ ಸಭಾಂಗಣದ ಹಿಂದೆ ನಿಂತು ಕೇಳಿದ ಗೆಳೆಯ ಹೇಳಿದ, "ನಿನ್ನ ಗಿಟಾರ್ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು ಕಣೋ." ಆ ಮಾತು ನನಗೆ ನೋವು ಕೊಟ್ಟಿತು, ಆದರೆ ನಿಜವಾಗಿತ್ತು. ಸಭಾಂಗಣಕ್ಕೆ ತನ್ನದೇ ರಿವರ್ಬ್ ಇರುತ್ತದೆ. ಡ್ರಮ್ಸ್, ಸಿಂಬಲ್, ಕೀಬೋರ್ಡ್ ಉಳಿದ ಜಾಗ ತುಂಬುತ್ತವೆ. ಅಲ್ಲಿ ನಮ್ಮ ರಿವರ್ಬ್ ಬರೀ ಮಂಜು.

ಆದ್ದರಿಂದ ಬ್ಯಾಂಡ್ ಜೊತೆ ರಿವರ್ಬ್ ಮಿಕ್ಸ್ ಇಳಿಸಿ. ಡಿಲೇಯದು ಇದಕ್ಕೆ ತದ್ವಿರುದ್ಧ. ಮನೆಯಲ್ಲಿ ಸ್ಪಷ್ಟವಾಗಿದ್ದ ಪ್ರತಿಧ್ವನಿ ಡ್ರಮ್ಸ್ ಶುರುವಾದ ಮೇಲೆ ಮುಳುಗಿಹೋಗುತ್ತದೆ. ಅದನ್ನು ಸ್ವಲ್ಪ ಏರಿಸಬೇಕಾಗುತ್ತದೆ. ಉದ್ದ ಕೇಬಲ್ ಇದ್ದರೆ ಸೌಂಡ್‌ಚೆಕ್ ಹೊತ್ತಿನಲ್ಲಿ ಜನ ಕೂರುವ ಜಾಗಕ್ಕೆ ಹೋಗಿ ನುಡಿಸಿ. ಆಂಪ್ ಪಕ್ಕ ನಿಂತು ಕೇಳುವ ಮಿಕ್ಸ್ ಅಲ್ಲಿ ಕೇಳಿಸುವುದಿಲ್ಲ.

ರೆಕಾರ್ಡಿಂಗ್‌ನಲ್ಲಿ ಆದರೆ ಡಿಐ ಬಾಕ್ಸ್ (ಗಿಟಾರ್ ಸಿಗ್ನಲನ್ನು ನೇರವಾಗಿ ರೆಕಾರ್ಡಿಂಗ್‌ಗೆ ಕಳಿಸುವ ಪೆಟ್ಟಿಗೆ) ಮೂಲಕ ಡ್ರೈ ಒಂದನ್ನು ಬೇರೆ ಟ್ರ್ಯಾಕ್‌ನಲ್ಲಿ ಉಳಿಸಿಕೊಳ್ಳಿ. ವೆಟ್ ಆಮೇಲೆ ಎಷ್ಟು ಬೇಕಾದರೂ ಸೇರಿಸಬಹುದು. ಒಮ್ಮೆ ಬೆರೆತ ರಿವರ್ಬನ್ನು ತೆಗೆಯುವುದು ಬಹಳ ಕಷ್ಟ. ಡಿಲೇಯ ಲಯದ ಮೇಲೇ ನಿಂತ ಭಾಗವಾದರೆ ಮಾತ್ರ ವೆಟ್ ಕೇಳಿಸಿಕೊಳ್ಳುತ್ತಲೇ ನುಡಿಸಿ. ಇಲ್ಲದಿದ್ದರೆ ಕೈ ಸರಿಯಾದ ಜಾಗದಲ್ಲಿ ಬೀಳುವುದಿಲ್ಲ.

ಹೊಂದಿಸಿದ ಜಾಗವನ್ನು ನೆನಪಿನಲ್ಲಿ ಇಡಲು ಹೋಗಬೇಡಿ, ಚೀಲದಲ್ಲಿ ಹಾಕುವಾಗ ನಾಬ್ ತಿರುಗಿಹೋಗುತ್ತದೆ. ಬಣ್ಣದ ಟೇಪಿನ ಚಿಕ್ಕ ಚೂರು ಅಂಟಿಸಿ. ನನ್ನ ಪೆಡಲ್‌ಗಳ ಮೇಲೆ ಬಿಳಿ ಗುರುತು ಮನೆಗೆ, ಕೆಂಪು ಗುರುತು ಬ್ಯಾಂಡ್‌ಗೆ. ರಿವರ್ಬ್ ಮೇಲೆ ಕೆಂಪು ಗುರುತು ಬಿಳಿಯದಕ್ಕಿಂತ ತುಂಬಾ ಎಡಕ್ಕಿದೆ. ಡಿಲೇ ಮೇಲೆ ಸ್ವಲ್ಪ ಬಲಕ್ಕೆ.